ಮಾವನ ತಂಡ, ಅಳಿಯನ ಎಡಗೈ

ರೌಸ್ ಹಿಲ್, ಸಿಡ್ನಿ
10 ಫೆಬ್ರವರಿ 2024

ತಂಗಿ ಹೇಮಲತಾಗೆ,

ಪೋಸ್ಟಿನಲ್ಲಿ ಬಂದ ಲಕೋಟೆ ನೋಡಿ ಗಾಬರಿಯಾಗಬೇಡ. ನಾನೂ ನಿನ್ನ ವೈನಿಯೂ ಗಟ್ಟಿಮುಟ್ಟಾಗಿದ್ದೇವೆ. ಫೋನು ಮಾಡಿದರೆ ನೀನು ಸ್ಪೀಕರಿಗೆ ಹಾಕಿ, ಪಾತ್ರೆ ತೊಳೆಯುತ್ತ ಹೂಂ ಹೂಂ ಅನ್ನುತ್ತೀ. ಏನು ಹೇಳಿದೆ ಎಂದು ಕೊನೆಗೆ ಕೇಳಿದರೆ ನಿನಗೆ ಗೊತ್ತಿರುವುದಿಲ್ಲ. ಕಾಗದವನ್ನು ಒದ್ದೆ ಕೈಯಲ್ಲಿ ಹಿಡಿಯಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ನಮ್ಮ ಕಿಲ್‌ಬ್ರೇ ಥಿಸಲ್ ಈ ವರ್ಷ ಮೊದಲ ಸಲ ಫುಟ್‌ಬಾಲಿನ ನ್ಯಾಷನಲ್ ಲೀಗಿನಲ್ಲಿ ಆಡುತ್ತಿದೆ. ಹೌದು, ಅದೇ ಕ್ಲಬ್ಬು. ನೀವು ಸಿಡ್ನಿಯಲ್ಲಿದ್ದಾಗ ನೀನು ಮುದುಕರ ಕ್ಲಬ್ಬು ಎಂದು ನಗುತ್ತಿದ್ದೆಯಲ್ಲ, ಅದೇ. ಇಟ್ಟಿಗೆ ಕಾರ್ಖಾನೆಯ ಕೆಲಸಕ್ಕೆಂದು ಸ್ಕಾಟ್ಲೆಂಡಿನಿಂದ ಬಂದವರು ಕಟ್ಟಿದ್ದು, ಎಪ್ಪತ್ತು ವರ್ಷವಾಯಿತು. ಈಗ ಆ ಕಾರ್ಖಾನೆಯೂ ಇಲ್ಲ, ಸ್ಕಾಟ್ಲೆಂಡಿನವರೂ ಇಲ್ಲ. ಉಳಿದವರು ಅಧ್ಯಕ್ಷೆ ಮೊರಾಗ್ ಆಂಟಿ ಒಬ್ಬರೇ. ಎಂಬತ್ತು ದಾಟಿದರೂ ಮೈದಾನದ ಗೇಟಿನ ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ ಇದೆ. ತಂಡದ ಹುಡುಗರು ನೇಪಾಳದವರು, ಸುಡಾನಿನವರು, ಲೆಬನಾನಿನವರು. ಗೋಲ್‌ಕೀಪರ್ ಆಲ್ರಾಯ್ ಮತ್ತು ಅವನ ತಮ್ಮ ರಸೆಲ್ ನಮ್ಮ ಮಂಗಳೂರಿನ ಕಡೆಯವರು, ಹ್ಯಾರಿಸ್ ಪಾರ್ಕಿನಲ್ಲಿದ್ದಾರೆ. ಕೋಚ್ ಬೆಳಗಾವಿ ಕ್ಯಾಂಪಿನ ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ನಿನ್ನ ಅಣ್ಣ ಗುರುಬಸವ.

ಈ ಲೀಗಿನಲ್ಲಿ ಕೊನೆಗೆ ಬಂದ ತಂಡ ಹೊರಗೆ ಹೋಗುತ್ತದೆ. ಇಂಟರ್ನೆಟ್ಟಿನ ಪಂಡಿತರೆಲ್ಲ ಆ ಜಾಗವನ್ನು ನಮ್ಮ ಹೆಸರಿಗೆ ಬರೆದಿಟ್ಟಿದ್ದಾರೆ. ನನಗೆ ಸಿಟ್ಟು ಬಂತು. ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಂತು, ಥಿಸಲ್ ಕೊನೆಗೆ ಬಂದರೆ ನಾನು ಕೋಚ್ ಕೆಲಸ ಬಿಡುತ್ತೇನೆ ಎಂದು ಹೇಳಿಬಿಟ್ಟೆ. ಮೊರಾಗ್ ಆಂಟಿ ಮಾತ್ರ ತಮ್ಮ ಪೈ ತಿನ್ನುತ್ತಲೇ ಇದ್ದರು. ಆ ಪೈ ಮೇಲೆ ನಿನ್ನ ವೈನಿಯ ಶೇಂಗಾ ಚಟ್ನಿ ಉದುರಿಸಿಕೊಂಡು ತಿನ್ನುವುದು ಅವರ ರೂಢಿ.

ಬಿಡುವ ಪ್ರಸಂಗ ಬರುವುದಿಲ್ಲ, ಚಿಂತೆ ಬೇಡ. ನನ್ನ ತಂಡ ನನಗೆ ಗೊತ್ತು.

ನನ್ನ ಸೋದರಳಿಯ ಇಂದ್ರೇಶ ಹೇಗಿದ್ದಾನೆ? ಆಟ ಆಡುತ್ತಾನೋ, ಬರೀ ಲ್ಯಾಪ್‌ಟಾಪು ನೋಡುತ್ತಾನೋ?

ನಿನ್ನ
ಗುರಣ್ಣ

•

ಟಾರ್ನೀಟ್, ಮೆಲ್ಬರ್ನ್
24 ಫೆಬ್ರವರಿ 2024

ಅಣ್ಣಾ,

ಕೂತೇ ಓದಿದೆ. ಪಾತ್ರೆಗಳು ಸಿಂಕಿನಲ್ಲೇ ಬಿದ್ದಿವೆ, ತೊಳೆಯಲು ನೀನೇ ಬಾ.

ಮೀಟಿಂಗಿನಲ್ಲಿ ಎದ್ದು ನಿಂತು ಆಣೆ ಹಾಕುವ ಚಟ ನಿನಗೆ ಹುಟ್ಟಿದಾಗಿನಿಂದ ಇದೆ. ಆ ಕೆಲಸ ಬಿಟ್ಟರೆ ಶನಿವಾರ ಭಾನುವಾರ ನೀನು ಮನೆಯಲ್ಲಿ ಕೂತು ವೈನಿಯ ತಲೆ ತಿನ್ನುತ್ತೀ, ಅದು ನನ್ನ ಭಯ. ಅದಕ್ಕೇ ಹೇಳುತ್ತೇನೆ, ಮೊದಲ ಮ್ಯಾಚಿನ ದಿನ ಒಂದು ಕಾಯಿ ಒಡೆ. ಹೊಸ ಬಸ್ಸಿಗೆ, ಹೊಸ ಅಂಗಡಿಗೆ, ಕಡೆಗೆ ಹೊಸ ಮಿಕ್ಸರಿಗೂ ನಮ್ಮ ಅವ್ವ ಕಾಯಿ ಒಡೆಯುತ್ತಿದ್ದಳು. ನೀನು ನ್ಯಾಷನಲ್ ಲೀಗಿಗೆ ಕಾಯಿ ಒಡೆಯದೆ ಹೊರಟಿದ್ದೀಯಾ? ಹ್ಯಾರಿಸ್ ಪಾರ್ಕಿನಲ್ಲಿ ಜುಟ್ಟಿರುವ ಕಾಯಿ ಸಿಗುತ್ತದೆ. ಸೂಪರ್ ಮಾರ್ಕೆಟ್ಟಿನ ಬೋಳು ಕಾಯಿ ತರಬೇಡ.

ಇಂದ್ರೇಶ ಆರಾಮಾಗಿದ್ದಾನೆ. ಕೆಲಸ, ಜಿಮ್ಮು ಎಂದು ಓಡಾಡಿಕೊಂಡಿದ್ದಾನೆ. ನೀವು ಹಿತ್ತಲಲ್ಲಿ ಆಡುತ್ತಿದ್ದುದನ್ನು ಆಗಾಗ ನೆನೆಸುತ್ತಾನೆ. ಬೇರೆ ವಿಶೇಷವಿಲ್ಲ. ನಮ್ಮ ಗ್ಯಾರೇಜಿನ ಬಾಗಿಲು ತಗ್ಗು ಬಿದ್ದು ಬಿದ್ದು ನೋಡಲು ಅಸಹ್ಯವಾಗಿದೆ, ಬದಲಾಯಿಸಬೇಕು.

ಹೇಮಾ

•

ಸಿಡ್ನಿ
17 ಮಾರ್ಚ್ 2024

ಹೇಮಾ,

ಮೊದಲ ಮ್ಯಾಚು ಗೆದ್ದೆವು, ಎರಡು-ಒಂದು. ರಸೆಲ್‌ನದೇ ಎರಡೂ ಗೋಲು. ಇಂಟರ್ನೆಟ್ಟಿನ ಪಂಡಿತರು ಎಲ್ಲಿ ಮುಖ ಮುಚ್ಚಿಕೊಂಡಿದ್ದಾರೋ ಗೊತ್ತಿಲ್ಲ.

ನಿನ್ನ ಮಾತಿನಂತೆ ಕಾಯಿ ಒಡೆದೆ. ಕಾರ್ಖಾನೆಯ ಮೊದಲ ಇಟ್ಟಿಗೆಯೊಂದನ್ನು ನಮ್ಮ ಗೋಲ್ ಕಂಬದ ಹಿಂದೆ ಹುಗಿದಿದ್ದಾರೆ. ವರ್ಷದ ಮೊದಲ ಮ್ಯಾಚಿಗೆ ಅದರ ಮೇಲೆ ಒಂದು ಚಮಚ ವಿಸ್ಕಿ ಸುರಿಯುವುದು ಕ್ಲಬ್ಬಿನ ಸಂಪ್ರದಾಯ. ನಾನು ಯಾವಾಗಲೂ ಆ ಹೊತ್ತಿಗೆ ಮುಖ ಆಚೆ ತಿರುಗಿಸಿಕೊಂಡು ನಿಲ್ಲುವವನು. ಈ ಸಲ ಕಾಯಿಯ ವಿಷಯ ಹೇಳಿದಾಗ ಮೊರಾಗ್ ಆಂಟಿ, ಅದೇ ಇಟ್ಟಿಗೆಯ ಮೇಲೆ ಒಡಿ, ನನ್ನ ಚಮಚದ ಪಕ್ಕ ನಿನ್ನ ಕಾಯಿಗೂ ಜಾಗ ಇದೆ ಅಂದರು. ಒಂದೇ ಏಟಿಗೆ ಒಡೆಯಿತು. ನೀರು ಅವರ ಬೂಟಿನ ಮೇಲೆ ಸಿಡಿಯಿತು, ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅವರಿಗೂ ಒಂದು ಹೋಳು ತಿನ್ನಿಸಿದೆ.

ಒಂದೇ ಒಂದು ಕಿರಿಕಿರಿ ಎಂದರೆ ಪ್ರಾಕ್ಟೀಸಿನಲ್ಲಿ ಆಲ್ರಾಯ್ ಬಿದ್ದು ಮೊಣಕೈಗೆ ಪೆಟ್ಟು ಮಾಡಿಕೊಂಡಿದ್ದಾನೆ. ಹೊಲಿಗೆ ಹಾಕಿದ್ದಾರೆ. ಕೆಲವು ವಾರ ಅವನಿಲ್ಲ. ಆಟದಲ್ಲಿ ಇದೆಲ್ಲ ಇದ್ದದ್ದೇ. ಎರಡನೇ ಕೀಪರನ್ನು ಆಡಿಸಿ ದಾಟಿಸುತ್ತೇನೆ.

ಗ್ಯಾರೇಜಿನ ಬಾಗಿಲಿಗೆ ಕಾರು ಗುದ್ದುವುದನ್ನು ಮೊದಲು ನಿಲ್ಲಿಸು. ರಿವರ್ಸ್ ಹಾಕುವಾಗ ಕನ್ನಡಿ ನೋಡಬೇಕು ಎಂದು ನಿನಗೆ ಕಲಿಸಿದವನೇ ನಾನು. ಎಷ್ಟು ಹೊಸ ಬಾಗಿಲು ಹಾಕಿಸಿದರೂ ನೀನು ಗುದ್ದುವವಳೇ.

ಗುರಣ್ಣ

•

ಮೆಲ್ಬರ್ನ್
5 ಮೇ 2024

ಅಣ್ಣಾ,

ಎರಡು ತಿಂಗಳಾಗುತ್ತ ಬಂತು, ಲಕೋಟೆಯಿಲ್ಲ. ಗೆದ್ದರೆ ಮಾತ್ರ ಪೆನ್ನು ಹಿಡಿಯುತ್ತೀಯೋ ಹೇಗೆ? ಸೋತ ಸುದ್ದಿಯನ್ನು ನಾನು ಫೋನಿನಲ್ಲಿ ನೋಡಿ ತಿಳಿದುಕೊಳ್ಳಬೇಕಾಗಿದೆ. ಒಂದರ ಹಿಂದೊಂದು ನಾಲ್ಕು ಮ್ಯಾಚು ಸೋತಿದ್ದೀರಿ. ಒಂದರಲ್ಲಂತೂ ಐದು ಗೋಲು ಬಿಟ್ಟುಕೊಟ್ಟಿದ್ದೀರಿ. ನನ್ನಂಥ ಫುಟ್‌ಬಾಲು ಗೊತ್ತಿಲ್ಲದವಳಿಗೂ ಅದು ಹೆಚ್ಚಾಯಿತು ಅನ್ನಿಸುತ್ತದೆ.

ಕಾಯಿ ಸರಿಯಾಗಿ ಒಡೆದೆಯಾ? ಒಳಗೆ ಕೆಟ್ಟಿತ್ತಾ? ಕೆಟ್ಟಿದ್ದರೂ ನೀನು ಹೇಳುವವನಲ್ಲ.

ನಿನ್ನ ಧ್ವನಿ ಕೇಳದೆ ನನಗೆ ಬೇಜಾರಾಗಿದೆ, ನೇರವಾಗಿ ಹೇಳುತ್ತೇನೆ. ಫೋನು ಮಾಡು. ಪಾತ್ರೆ ತೊಳೆಯುವುದಿಲ್ಲ.

ಹೇಮಾ

•

ಸಿಡ್ನಿ
16 ಜೂನ್ 2024

ಹೇಮಾ,

ಫೋನು ಮಾಡಲಿಲ್ಲ, ಮಾಡುವುದೂ ಇಲ್ಲ. ಮಾಡಿದರೆ ಇವತ್ತು ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ.

ನಿನ್ನೆ ನಿಮ್ಮೂರಿನ ಗ್ರೀಕರು ಕಟ್ಟಿದ ತಂಡ ನಮ್ಮ ಮೈದಾನಕ್ಕೆ ಬಂದಿತ್ತು. ಅವರ ಬಸ್ಸಿನಿಂದ ಹುಡುಗರು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ನಾನು ಗೇಟಿನ ಹತ್ತಿರ ಮೊರಾಗ್ ಆಂಟಿಯ ಜೊತೆ ನಿಂತು, ಇವನು ಫಾರ್ವರ್ಡು, ಇವನು ಕುಂಟುತ್ತಿದ್ದಾನೆ ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಇಳಿದವನು ಕೈಯಲ್ಲಿ ಗ್ಲೌಸು ಹಿಡಿದುಕೊಂಡು ನನ್ನೆದುರೇ ಬಂದು ನಿಂತು, ಬಗ್ಗಿ ಕಾಲು ಮುಟ್ಟಿದ. ನೋಡಿದರೆ ನಿನ್ನ ಮಗ!

ಕೆಲಸ, ಜಿಮ್ಮು ಎಂದು ಬರೆದವಳು ನೀನೇ ತಾನೆ? ಇದೇ ಲೀಗಿನಲ್ಲಿ ನನ್ನ ಅಳಿಯ ಇನ್ನೊಂದು ತಂಡದ ಕೀಪರಾಗಿದ್ದಾನೆ ಎಂಬುದನ್ನು ಸೋದರಮಾವ ಬಸ್ಸಿನ ಬಾಗಿಲಲ್ಲಿ ತಿಳಿಯಬೇಕೇ? ನಾನೇನು ಹೊರಗಿನವನೇ?

ಅವನು ಹೇಳಿದ, "ಮಾವ, ಅವ್ವಗ ಬೈಬ್ಯಾಡ. ನಾನಽ ಹೇಳಬ್ಯಾಡ ಅಂದಿದ್ದೆ. ಟೀಮಿನ್ಯಾಗ ಆಡಿದ ಮ್ಯಾಲೆ ನಿನಗ ಸರ್‌ಪ್ರೈಸ್ ಕೊಡೋಣು ಅಂತ." ಆದರೆ ಆಡಲಿಲ್ಲ, ಇಡೀ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಅವರ ದೊಡ್ಡ ಕೀಪರು ಇರುವವರೆಗೆ ಇವನಿಗೆ ಅವಕಾಶವಿಲ್ಲವಂತೆ. ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದ. ನನ್ನ ಜಾಕೆಟ್ಟನ್ನು ಕಳಿಸಿದೆ, ಹಾಕಿಕೊಳ್ಳಲಿಲ್ಲ. ಬೇರೆ ತಂಡದ ಬಣ್ಣ ಎಂದು ವಾಪಸು ಕಳಿಸಿದ. ಅಷ್ಟು ಶಿಸ್ತು ಅವನಿಗೆ ನೀನು ಕಲಿಸಿದ್ದಲ್ಲ, ನಾನು ಕಲಿಸಿದ್ದು.

ಮ್ಯಾಚು ಸೋತೆವು. ಆಲ್ರಾಯ್ ಈಗ ವಾಪಸು ಬಂದಿದ್ದಾನೆ, ಇನ್ನು ಮುಂದೆ ನೋಡುತ್ತಿರು.

ಸಿಟ್ಟಿನಲ್ಲೇ,
ಗುರಣ್ಣ

•

ಸಿಡ್ನಿ
11 ಆಗಸ್ಟ್ 2024

ಹೇಮಾ,

ನನ್ನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಆಯಿತು, ಸಿಟ್ಟು ಇಳಿದಿದೆ, ನಾನೇ ಮತ್ತೆ ಬರೆಯುತ್ತಿದ್ದೇನೆ.

ಆಲ್ರಾಯ್ ಬಂದ ಮೇಲೆ ನಾವು ಸೋತದ್ದು ಒಂದೇ ಮ್ಯಾಚು. ಮೂರು ಗೆದ್ದಿದ್ದೇವೆ. ಆದರೂ ಅವನಿಲ್ಲದ ಆ ವಾರಗಳ ಹೊಡೆತ ಬಿಟ್ಟಿಲ್ಲ. ಈಗ ಕೊನೆಯ ಮ್ಯಾಚು ಉಳಿದಿದೆ, ಇಪ್ಪತ್ತೈದನೇ ತಾರೀಕು ಭಾನುವಾರ, ಮೆಲ್ಬರ್ನ್‌ನಲ್ಲಿ, ಅದೇ ಗ್ರೀಕರ ಎದುರು. ಡ್ರಾ ಮಾಡಿಕೊಂಡರೂ ಉಳಿಯುತ್ತೇವೆ. ಸೋತರೆ ನಾವೇ ಕೊನೆ, ನಾವು ಲೀಗಿನಿಂದ ಹೊರಗೆ, ನಾನು ಕ್ಲಬ್ಬಿನಿಂದ ಹೊರಗೆ. ಸೋಲುವುದಿಲ್ಲ.

ಅವರ ದೊಡ್ಡ ಕೀಪರನ ಮಂಡಿ ಹೋಗಿದೆ ಎಂದು ಓದಿದೆ. ಹಾಗಾದರೆ ಆ ದಿನ ಗೋಲಿನಲ್ಲಿ ನಿಲ್ಲುವವನು ಯಾರೆಂದು ನನಗೂ ಗೊತ್ತು, ನಿನಗೂ ಗೊತ್ತು.

ಈಗ ಒಂದು ಮಾತು. ಇಂದ್ರೇಶ ಚಿಕ್ಕವನಿದ್ದಾಗ ನಮ್ಮ ಹಿತ್ತಲಿನ ನಿಂಬೆ ಗಿಡದಿಂದ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದ, ನೆನಪಿದೆಯಾ? ಕೂಡಿದ ಮೇಲೂ ಅವನು ಎಡಗಡೆ ಹಾರುವಾಗ ಒಂದು ಗಳಿಗೆ ಅನುಮಾನಿಸುತ್ತಿದ್ದ. ನಾನು ಎಷ್ಟು ತಿದ್ದಿದರೂ ಹೋಗಲಿಲ್ಲ. ಅಷ್ಟರಲ್ಲಿ ನೀವು ಮೆಲ್ಬರ್ನ್‌ಗೆ ಹೋದಿರಿ. ಅವನ ಎಡಗಡೆ ಕೆಳಗೆ ಹೊಡೆದರೆ ಚೆಂಡು ಒಳಗೆ. ಈ ಲೀಗಿನಲ್ಲಿ ಇದು ಗೊತ್ತಿರುವವನು ನಾನೊಬ್ಬನೇ.

ನಾನು ಇದನ್ನು ನನ್ನ ಹುಡುಗರಿಗೆ ಹೇಳುವುದಿಲ್ಲ. ಹಿತ್ತಲಲ್ಲಿ ಆಡಿಸುವಾಗ ನೋಡಿದ್ದು ಮನೆಯ ಮಾತು. ಅದಿಲ್ಲದೆಯೂ ಗೋಲು ಹೊಡೆಯುವ ತಾಕತ್ತು ನಮಗಿದೆ. ನಿನ್ನ ಮಗ ಮೊದಲ ಸಲ ನಿಲ್ಲುತ್ತಿದ್ದಾನೆ, ನನ್ನಿಂದ ಅವನಿಗೆ ತೊಂದರೆಯಾಗಬಾರದು. ನೀನು ನಿಶ್ಚಿಂತಳಾಗಿರು.

ಗುರಣ್ಣ

•

ಮೆಲ್ಬರ್ನ್
17 ಆಗಸ್ಟ್ 2024

ಅಣ್ಣಾ,

ಇದನ್ನು ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಮ್ಯಾಚಿಗೆ ಮೊದಲೇ ನಿನ್ನ ಕೈ ಸೇರಬೇಕು.

ನಿನ್ನ ಪತ್ರ ಓದಿ ನನ್ನ ಕಣ್ಣು ತುಂಬಿತು. ತಡೆಯಲಾರದೆ ಅವನಿಗೂ ಓದಿ ಹೇಳಿದೆ. ಹೇಳಬಾರದಿತ್ತು. ಊಟದ ತಟ್ಟೆ ಸರಿಸಿ ಎದ್ದುಬಿಟ್ಟ. "ಮಾವಗ ಹೇಳು, ಎಲ್ಲಾ ಹೇಳಲಿ ಅವರಿಗೆ. ನನಗ ಈಸಿ ಮಾಡಿಕೊಟ್ಟರ ನಾನು ಅವನ ಜೋಡಿ ಮಾತಾಡಂಗಿಲ್ಲ. ಬೆಂಚಿನ ಮ್ಯಾಲೆ ಕೂಡೂದಽ ಬೆಸ್ಟ್ ಇತ್ತು ಅಂತ ಆಗ್ತದ" ಅಂದ. ಇಂಗ್ಲಿಷಿನಲ್ಲಿ ಇನ್ನೂ ಏನೇನೋ ಅಂದ, ಅದನ್ನು ಬರೆಯುವುದಿಲ್ಲ.

ನಾನು ತಾಯಿ. ನೀನು ಸುಮ್ಮನಿದ್ದರೆ ಚೆನ್ನ ಎಂದು ನನಗೆ ಒಳಗೊಳಗೇ ಅನ್ನಿಸುತ್ತದೆ. ಆದರೂ ಅವನು ಹೇಳಿದ್ದನ್ನೇ ಹೇಳುತ್ತೇನೆ. ಹೇಳು ಅಣ್ಣಾ. ನಿನ್ನ ಹುಡುಗರಿಗೆ ಹೇಳು.

ಇನ್ನೊಂದು. ಆಲ್ರಾಯ್‌ನ ಮೊಣಕೈ ಏನಾಯಿತೆಂದು ನನಗೆ ಜೂನ್‌ನಿಂದಲೇ ಗೊತ್ತು. ಇಂದ್ರೇಶ ಅಲ್ಲಿಗೆ ಬಂದಾಗ ಆಲ್ರಾಯ್‌ನೇ ತೋಳು ಮಡಿಸಿ ಗಾಯದ ಗುರುತು ತೋರಿಸಿ, ಇದು ನಿಮ್ಮ ಮಾವನ ಕಾಯಿ ಅಂದನಂತೆ. ನೀನು ಒಡೆದ ಕಾಯಿಯ ಕರಟದ ಚೂರು ಹುಲ್ಲಿನಲ್ಲಿ ಉಳಿದಿತ್ತು, ಮಾರನೇ ದಿನ ಅವನು ಅದರ ಮೇಲೆಯೇ ಹಾರಿ ಬಿದ್ದ. ಹೌದೋ ಅಲ್ಲವೋ? ಒಡೆ ಎಂದವಳು ನಾನು ಅಂತ, ಆ ತಪ್ಪು ನನಗೆ ಹತ್ತಬಾರದು ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಸೋಲನ್ನೆಲ್ಲ ಮೈಮೇಲೆ ಹಾಕಿಕೊಂಡೆ. ಅದಕ್ಕೇ ಜೂನ್‌ನ ಪತ್ರಕ್ಕೆ ಉತ್ತರ ಬರೆಯಲಾಗಲಿಲ್ಲ. ನಿನ್ನ ಬೈಗುಳಕ್ಕೆ ಸಿಟ್ಟು ಮಾಡಿಕೊಂಡೆ ಎಂದು ತಿಳಿದೆಯೇನು? ಮುಖ ಇರಲಿಲ್ಲ ನನಗೆ.

ಮ್ಯಾಚಿಗೆ ನಾನು ಬರುವುದಿಲ್ಲ. ಯಾರ ಕಡೆ ಕೂರಲಿ?

ಹೇಮಾ

•

ಸಿಡ್ನಿ
26 ಆಗಸ್ಟ್ 2024

ಹೇಮಾ,

ಸೋತೆವು. ಒಂದು-ಸೊನ್ನೆ.

ನೀನು ಬರಲಿಲ್ಲವಾದ್ದರಿಂದ ಚುಟುಕಾಗಿ ಬರೆಯುತ್ತೇನೆ. ಚೆನ್ನಾಗಿಯೇ ಆಡಿದೆವು. ಅವರ ಗೋಲು ನಮ್ಮವನ ಕಾಲಿಗೆ ತಾಗಿ ಹೋದದ್ದು. ಆಟ ಮುಗಿಯಲು ಬಂದಾಗ ನಮಗೆ ಪೆನಾಲ್ಟಿ ಸಿಕ್ಕಿತು. ಅದು ಒಳಗೆ ಹೋಗಿದ್ದರೆ ಡ್ರಾ, ನಾವು ಉಳಿಯುತ್ತಿದ್ದೆವು. ಚೆಂಡು ಇಡಲು ಹೊರಟ ರಸೆಲ್‌ನನ್ನು ಕರೆದು, ಕೀಪರನ ಎಡಗಡೆ, ಕೆಳಗೆ ಎಂದೆ. ಹೌದು, ಹೇಳಿದೆ. ಅವನು ಸರಿಯಾಗಿ ಅಲ್ಲಿಗೇ ಹೊಡೆದ. ನಿನ್ನ ಮಗ ತಡೆದ. ಅಷ್ಟೇ.

ಮುಗಿದ ಮೇಲೆ ಅವನ ಕೈ ಕುಲುಕಿದೆ. ವಿಮಾನಕ್ಕೆ ಹೊತ್ತಾಗಿತ್ತು, ಹೆಚ್ಚು ಮಾತಾಡಲಿಲ್ಲ. ಒಳ್ಳೆಯ ಸೇವ್ ಎಂದು ಹೇಳು.

ನಾಳೆ ಮಂಗಳವಾರ ಕಮಿಟಿ ಸೇರುತ್ತದೆ. ನನ್ನ ಮಾತಿನಂತೆ ನಡೆದುಕೊಳ್ಳುತ್ತೇನೆ. ವಿಸಿಲು ತೊಳೆದು ಕವರಿನಲ್ಲಿ ಹಾಕಿಟ್ಟಿದ್ದೇನೆ, ಮೊರಾಗ್ ಆಂಟಿಗೆ ಕೊಟ್ಟು ಬರುವುದು.

ಕಾಯಿಯ ವಿಷಯ ಬಿಟ್ಟುಬಿಡು. ಒಡೆದವನು ನಾನು, ಗುಡಿಸದವನೂ ನಾನು. ನಿನ್ನದೇನೂ ಇಲ್ಲ.

ಗುರಣ್ಣ

•

ಮೆಲ್ಬರ್ನ್
31 ಆಗಸ್ಟ್ 2024

ಅಣ್ಣಾ,

ನಾನು ಬಂದಿದ್ದೆ.

ಬರುವುದಿಲ್ಲ ಎಂದು ಬರೆದಿದ್ದೆ, ಮನೆಯಲ್ಲಿ ಕೂರಲಾಗಲಿಲ್ಲ. ಬರುವಾಗ ಒಂದು ಕಾಯಿ ತಂದು ಕಾರ್ ಪಾರ್ಕಿನಲ್ಲಿ ಒಡೆದೆ. ದಪ್ಪ ಗೋಣಿಚೀಲದೊಳಗೆ ಇಟ್ಟು ಒಡೆದೆ, ಒಂದು ಚೂರೂ ಹೊರಗೆ ಸಿಡಿಯಲಿಲ್ಲ. ಯಾರ ಹೆಸರಿನಲ್ಲಿ ಒಡೆದೆ ಎಂದು ಕೇಳಬೇಡ, ಇಬ್ಬರ ಹೆಸರೂ ಹೇಳಿದೆ. ಆಮೇಲೆ ಮೂಲೆಯಲ್ಲಿ, ಎರಡೂ ತಂಡದವರು ಕೂರದ ಕಡೆ, ತಲೆಗೆ ಶಾಲು ಸುತ್ತಿಕೊಂಡು ಕೂತೆ.

ಪೆನಾಲ್ಟಿ ಎಂದಾಗ ನನಗೆ ಚೆಂಡು ನೋಡುವ ಧೈರ್ಯವಾಗಲಿಲ್ಲ. ಮಗನನ್ನೂ ನೋಡಲಾಗಲಿಲ್ಲ. ನಿನ್ನನ್ನು ನೋಡುತ್ತ ಕೂತೆ. ನಿನ್ನ ಮುಖ ನೋಡಿದರೆ ಏನಾಯಿತೆಂದು ಗೊತ್ತಾಗುತ್ತದೆ, ಚಿಕ್ಕಂದಿನಿಂದ ನಾನು ಹಾಗೇ ತಿಳಿದುಕೊಂಡವಳು. ಒದ್ದ ಸದ್ದು ಕೇಳಿಸಿತು. ಅದರ ಹಿಂದೆಯೇ ನಿನ್ನ ಎರಡೂ ಕೈ ಮೇಲಕ್ಕೆ ಹೋದವು. ನೀನು ಹಾರಿದೆ ಅಣ್ಣಾ, ಈ ವಯಸ್ಸಿನಲ್ಲಿ. ಗೋಲಾಯಿತು, ಇಂದ್ರೇಶ ಬಿಟ್ಟುಕೊಟ್ಟ ಎಂದು ನನ್ನ ಎದೆ ಒಡೆಯಿತು. ಆಮೇಲೆ ನಿನ್ನ ಬೆಂಚಿನ ಹುಡುಗರೆಲ್ಲ ನಿನ್ನನ್ನೇ ನೋಡುತ್ತಿರುವುದು ಕಂಡಿತು. ನೀನು ಮೆಲ್ಲಗೆ ಕೈ ಇಳಿಸಿ ಜೇಬಿನಲ್ಲಿ ಹಾಕಿಕೊಂಡೆ. ಆಗ ಗೋಲಿನ ಕಡೆ ತಿರುಗಿ ನೋಡಿದೆ. ಚೆಂಡು ಅವನ ಎದೆಯ ಕೆಳಗಿತ್ತು, ಎಡಗೈ ಅದರ ಮೇಲಿತ್ತು.

ಇದನ್ನೆಲ್ಲ ಬಿಟ್ಟು "ತಡೆದ, ಅಷ್ಟೇ" ಎಂದು ಬರೆದಿದ್ದೀಯಲ್ಲ, ನಿನಗೆ ನಾಚಿಕೆಯಾಗಬೇಕು.

ಇನ್ನೊಂದು ವಿಷಯ ನಿನಗೆ ಹೇಳಬೇಕು. ಗ್ಯಾರೇಜಿನ ಬಾಗಿಲಿಗೆ ನಾನು ಎಂದೂ ಕಾರು ಗುದ್ದಿಲ್ಲ. ಆ ಬಾಗಿಲೇ ಇವನ ಗೋಲು. ಎರಡು ವರ್ಷದಿಂದ ದಿನಾ ಸಂಜೆ ಅವರಪ್ಪ ಒದೆಯುವುದು, ಇವನು ಎಡಗಡೆ ಹಾರುವುದು. ಎಡಗಡೆ ಮಾತ್ರ. ಹಿಡಿಯದೆ ಬಿಟ್ಟದ್ದೆಲ್ಲ ಬಾಗಿಲಿಗೆ. ಹೋಗಿ ನೋಡಿದರೆ ತಗ್ಗುಗಳೆಲ್ಲ ಒಂದೇ ಪಕ್ಕ ಇವೆ. ನಾನು ನಿನಗೆ ಬರೆದಾಗಲೇ ಅವೆಲ್ಲ ಹಳೆಯವು. ಈ ವರ್ಷ ಹೊಸದೊಂದೂ ಬಿದ್ದಿಲ್ಲ.

ಕಮಿಟಿಯಲ್ಲಿ ಏನಾಯಿತು? ಬರೆಯಬೇಡ, ಫೋನು ಮಾಡು.

ಹೇಮಾ

•

ಸಿಡ್ನಿ
5 ಸೆಪ್ಟೆಂಬರ್ 2024

ಹೇಮಾ,

ಫೋನಿನಲ್ಲಿ ಇದನ್ನೆಲ್ಲ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವಾರದ ಮಂಗಳವಾರ ಕವರು ಒಯ್ದು ಮೊರಾಗ್ ಆಂಟಿಯ ಮುಂದೆ ಇಟ್ಟೆ. ಕೊನೆಗೆ ಬಂದೆವು, ಹೊರಗೆ ಹೋದೆವು, ಬಿಡುತ್ತೇನೆ ಎಂದೆ. ಜೊತೆಗೆ, ಎದುರಾಳಿ ಕೀಪರ್ ಪೆನಾಲ್ಟಿ ಹಿಡಿದಾಗ ಕೈ ಎತ್ತಿ ಕುಣಿದ ಕೋಚು ಯಾವ ಕ್ಲಬ್ಬಿಗೂ ಬೇಡ ಎಂದೂ ಹೇಳಿದೆ. ಅವರು ಪೈ ತಿಂದು ಮುಗಿಸಿದರು. ಆಮೇಲೆ ಬೆರಳು ಒರೆಸಿಕೊಂಡು ಅಂದರು, "ನಾನೂ ಕೈ ಎತ್ತುತ್ತಿದ್ದೆ ಗುರು, ಭುಜ ನೋವು." ಕವರು ನನ್ನ ಕಡೆಗೇ ತಳ್ಳಿದರು. ನೀನು ಆಣೆ ಹಾಕಿದ್ದು ನಿನ್ನ ಪಾಡಿಗೆ, ನಾನು ಒಪ್ಪಿಕೊಂಡಿರಲಿಲ್ಲ ಅಂದರು. ಎಪ್ಪತ್ತು ವರ್ಷ ಕೆಳಗಿನ ಲೀಗಿನಲ್ಲಿ ಆಡಿದ್ದೇವೆ, ಮೇಲೆ ಹತ್ತುವ ದಾರಿ ಈಗ ಗೊತ್ತಾಗಿದೆ, ಫೆಬ್ರವರಿಯಿಂದ ಪ್ರಾಕ್ಟೀಸು ಅಂದರು. ನಿನ್ನೆ ನಿನ್ನ ಪತ್ರ ಬಂದೊಡನೆ ನಿನ್ನ ಗೋಣಿಚೀಲದ ವಿಷಯವನ್ನೂ ಅವರಿಗೆ ಹೇಳಿದೆ. ಮುಂದಿನ ವರ್ಷದ ಕಾಯಿಗೆ ಚೀಲ ತಾವೇ ತರುತ್ತಾರಂತೆ.

ಮತ್ತೆ ಹತ್ತುತ್ತೇವೆ, ಬರೆದಿಟ್ಟುಕೋ. ಈ ಸಲ ಆಣೆ ಹಾಕುವುದಿಲ್ಲ.

ರಸೆಲ್‌ಗೆ ಎಡಗಡೆ ಎಂದು ಹೇಳಿದವನು ನಾನೇ. ಚೆಂಡು ಅಲ್ಲಿಗೇ ಹೋದದ್ದನ್ನು ಕಂಡು ಇಂದ್ರೇಶ ಮುಗಿದ ಎಂದುಕೊಂಡೆ. ಅವನು ಅನುಮಾನಿಸಲೇ ಇಲ್ಲ ಹೇಮಾ. ಆ ಗಳಿಗೆಯಲ್ಲಿ ನಾನು ಯಾವ ತಂಡದವನು ಎಂಬುದು ಮರೆತುಹೋಯಿತು. ನಾನು ವರ್ಷಗಟ್ಟಲೆ ತಿದ್ದಿದರೂ ಹೋಗದ್ದನ್ನು ಅವನೇ ತಿದ್ದಿಕೊಂಡ.

ದೀಪಾವಳಿಗೆ ನಾನೂ ನಿನ್ನ ವೈನಿಯೂ ಬರುತ್ತೇವೆ. ಅಲ್ಲಿಯವರೆಗೆ ಗ್ಯಾರೇಜಿನ ಬಾಗಿಲು ಬದಲಾಯಿಸಬೇಡ. ಆ ತಗ್ಗುಗಳನ್ನು ನಾನು ನೋಡಬೇಕು.

ಗುರಣ್ಣ